ಹಲಸಿನ ಮರದ ಕಾಳಿಂದಿ

ನಾನು ಒಂದು ಯುದ್ಧನೌಕೆ. ಹೀಗೆಂದರೆ ನಿಮಗೆ ನಗು ಬರಬಹುದು, ಏಕೆಂದರೆ ನನ್ನ ಉದ್ದ ಎರಡು ಮೊಳಕ್ಕಿಂತ ತುಸು ಹೆಚ್ಚು, ಅಷ್ಟೇ. ನನ್ನ ಫಿರಂಗಿ ಒಂದು ಹಿತ್ತಾಳೆಯ ಮೊಳೆ. ಅದಕ್ಕೆ ನೊಣವೂ ಹೆದರುವುದಿಲ್ಲ. ನನ್ನ ಕಂಬ ಮುರಿದ ಕೊಡೆಯ ಕಡ್ಡಿ. ಹೊಗೆಗೊಳವೆ ಹಾಲಿನಪುಡಿ ಡಬ್ಬದ ತಗಡು. ಮೈ ಮಾತ್ರ ಒಳ್ಳೆಯ ಹಲಸಿನ ಮರ. ನನ್ನ ಹೆಸರು ಕಾಳಿಂದಿ. ಇದೇ ಹೆಸರಿನ ನಿಜವಾದ ಹಡಗೊಂದು ನನಗಿಂತ ಮೊದಲು ಇತ್ತು. ಅದು ಮುಳುಗಿದ್ದರಿಂದ ನಾನು ಹುಟ್ಟಿದೆ.

ಹುಟ್ಟಿದ್ದು ತದಡಿಯಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ, ಮಾಬ್ಲ ಆಚಾರಿಯ ದೋಣಿ ಕಟ್ಟುವ ಚಪ್ಪರದಡಿ. ಮಾಬ್ಲನ ಅಪ್ಪ, ಅಜ್ಜ ಎಲ್ಲ ಮೀನುದೋಣಿ ಕಟ್ಟಿದವರು. ಮಾಬ್ಲ ಮಾತ್ರ ಹರೆಯದಲ್ಲೇ ನೌಕಾಪಡೆ ಸೇರಿ ಹಡಗಿನ ಬಡಗಿಯಾದ. ಕಾಳಿಂದಿ ಶತ್ರುಗಳು ನೀರಿನಲ್ಲಿ ಬಿಟ್ಟ ಸಿಡಿಗುಂಡುಗಳನ್ನು ಹುಡುಕಿ ತೆಗೆಯುವ ಸಣ್ಣ ಹಡಗು. ಅಂಥ ಗುಂಡು ಕಬ್ಬಿಣ ಹತ್ತಿರ ಬಂದರೆ ಸಿಡಿಯುತ್ತದಂತೆ. ಹಾಗಾಗಿ ಆ ಹಡಗಿನ ಮೈಯೆಲ್ಲ ಮರ. ಯುದ್ಧದ ಹಡಗಿನಲ್ಲಿ ಬಡಗಿಗೆ ಎಂತ ಕೆಲಸ ಎಂದು ಊರವರು ಕೇಳಿದರೆ, "ಅದೂ ನಮ್ಮ ದೋಣಿಯೇ. ಸ್ವಲ್ಪ ಸಿಟ್ಟು ಜಾಸ್ತಿ" ಎನ್ನುತ್ತಿದ್ದನಂತೆ. ರಜೆಗೆ ಬಂದರೆ ಓಣಿಯನ್ನೆಲ್ಲ ನಗಿಸುತ್ತಿದ್ದನಂತೆ. ಆ ಮಾಬ್ಲನನ್ನು ನಾನು ಕಂಡವಳಲ್ಲ.

ಒಂದು ವೈಶಾಖದಲ್ಲಿ, ಮಳೆಗಾಲಕ್ಕೆ ಮೊದಲೇ ಎದ್ದ ಚಂಡಮಾರುತಕ್ಕೆ ಕಾಳಿಂದಿ ನಡುಗಡಲಲ್ಲಿ ಸಿಕ್ಕಿಬಿತ್ತು. ಬದುಕಿ ಬಂದವರು ಬೆರಳೆಣಿಕೆಯವರು. ನಮ್ಮ ಸೀಮೆಗೆ ಮರಳಿದವನು ಮಾಬ್ಲನೊಬ್ಬನೇ. ಬಾಗಿಲ ಹಲಗೆಯೊಂದನ್ನು ಅಪ್ಪಿಕೊಂಡು ತೇಲುತ್ತಿದ್ದವನನ್ನು ಸರಕಿನ ಹಡಗೊಂದು ಎತ್ತಿಕೊಂಡಿತು. ಹಲಗೆಯಿಂದ ಅವನ ತೋಳು ಬಿಡಿಸಲು ಇಬ್ಬರು ಬೇಕಾಯಿತಂತೆ. ಆಸ್ಪತ್ರೆಯಲ್ಲಿ ಅಧಿಕಾರಿಗಳು ಕೇಳಿದ್ದಕ್ಕೆ ಜ್ವರದ ಬಾಯಲ್ಲಿ ಏನು ಹೇಳಿದನೋ ಅವನಿಗೇ ತಿಳಿಯದು. ಸಿಗದೆ ಹೋದವರ ಮನೆಗಳಿಗೆಲ್ಲ, ಕಾಣೆಯಾಗಿದ್ದಾರೆ, ಸತ್ತಿರಬೇಕು ಎಂಬ ಸುದ್ದಿ ಹೋಯಿತು.

ಊರಿಗೆ ಬಂದ ಮಾಬ್ಲ ಹೊಳೆಗೆ ಬೆನ್ನು ಹಾಕಿ ಕೂರುತ್ತಿದ್ದ. ಬಚ್ಚಲಿಗೆ ಇಳಿಯುತ್ತಿರಲಿಲ್ಲ. ಹೆಂಡತಿ ಮಾದೇವಿ ಒದ್ದೆ ಬಟ್ಟೆಯಿಂದ ಮೈ ಒರೆಸಿದರೆ ಅದಕ್ಕೂ ಹಲ್ಲು ಕಚ್ಚುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಎರಡು ತುತ್ತು ಉಂಡರೆ ಉಂಡ, ಇಲ್ಲದಿದ್ದರೆ ಇಲ್ಲ. ಮಳೆಗಾಲವೆಲ್ಲ ಹಾಗೇ ಕಳೆಯಿತು. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಎದ್ದು ಅಪ್ಪನ ಕಾಲದ ಬಾಚಿಯನ್ನು ಕೈಗೆತ್ತಿಕೊಂಡ. ಗಂಡ ಮತ್ತೆ ದೋಣಿ ಕಟ್ಟುತ್ತಾನೆ ಎಂದು ಮಾದೇವಿ ದೇವರಿಗೆ ತೆಂಗಿನಕಾಯಿ ಒಡೆದಳು. ಅವನು ಕಟ್ಟಲು ಹೊರಟಿದ್ದು ಕಾಳಿಂದಿಯನ್ನು.

ನನಗಿಂತ ಮೊದಲು ಇಬ್ಬರು ಅಕ್ಕಂದಿರು ಹುಟ್ಟಿದ್ದರು. ಮೊದಲನೆಯವಳ ಮೂತಿ ಸರಿಬರಲಿಲ್ಲವೆಂದು ಅವನೇ ಕೊಡಲಿಯಿಂದ ಸೀಳಿದ. ಎರಡನೆಯವಳು ಮುಗಿದೇ ಹೋಗಿದ್ದಳು, ಬಣ್ಣವೂ ಆಗಿತ್ತು. ಅವಳನ್ನು ನೋಡುತ್ತ ಕುಳಿತವನು ಇದ್ದಕ್ಕಿದ್ದಂತೆ, "ಯಾರೂ ಇಲ್ವಲ್ಲ ಇದ್ರಲ್ಲಿ" ಎಂದು ಕೂಗಿ ನೆಲಕ್ಕೆ ಅಪ್ಪಳಿಸಿದ. ಮಾದೇವಿ ಚೂರುಗಳನ್ನು ಗುಡಿಸಿ ಒಲೆಗೆ ಹಾಕಿದಳು. ಆಮೇಲೆ ನಾನು.

ನನ್ನ ಮೈ ಮುಗಿದ ಮೇಲೆ ಮಾಬ್ಲ ಶಿವನೆ ಮರದ ತುಂಡು ತಂದ. ಮೆದುವಾದ, ಉಳಿಗೆ ಒಲಿಯುವ ಮರ. ಅದರಲ್ಲಿ ಮನುಷ್ಯರನ್ನು ಕೆತ್ತತೊಡಗಿದ. ಕಿರುಬೆರಳ ಒಂದು ಗೆಣ್ಣಿನಷ್ಟು ಎತ್ತರದ ಮನುಷ್ಯರು. ಅಷ್ಟು ಸಣ್ಣದರಲ್ಲಿ ಕಣ್ಣು ಮೂಗು ಬರುವುದಿಲ್ಲ. ಅವನು ಕೆತ್ತುತ್ತಿದ್ದುದು ಆಯಾ ಮನುಷ್ಯನ ನಿಲುವನ್ನು. ಅಡುಗೆಯ ಕುಂಞಿರಾಮ ಒಂದು ಸೊಂಟಕ್ಕೆ ಭಾರ ಹಾಕಿ, ತಟ್ಟೆ ಎತ್ತಿಕೊಂಡು ನಿಂತ. ದೀಪದಿಂದ ಸನ್ನೆ ಮಾಡುವ ಅಪ್ಪಲನಾಯ್ಡು ಕೊಕ್ಕರೆಯ ಹಾಗೆ ಕತ್ತು ಓರೆ ಮಾಡಿ ನಿಂತ. ಹಡಗಿನ ಕಪ್ತಾನರು ಬೆನ್ನ ಹಿಂದೆ ಕೈಕಟ್ಟಿ, ಬೆರಳುಗಳನ್ನು ಮಾತ್ರ ಆಡಿಸುತ್ತಿರುವಂತೆ ನಿಂತರು. ಸತ್ತವರನ್ನಷ್ಟೇ ಕೆತ್ತಿದ. ಬದುಕಿದವರನ್ನು ಇಡಲಿಲ್ಲ, ತನ್ನನ್ನೂ ಇಟ್ಟುಕೊಳ್ಳಲಿಲ್ಲ.

ಅವನ ಅವಸರ ನೋಡಿದರೆ ನನಗೆ ಭಯವಾಗುತ್ತಿತ್ತು. ಉಣ್ಣುವ ಹೊತ್ತಿಗೆ ಮಾದೇವಿ ಕರೆದರೆ ಉಳಿ ಕೆಳಗಿಡುತ್ತಿರಲಿಲ್ಲ.

"ಮುಖ ಹೋಗ್ತಾ ಇದೆ, ಮಾದೇವಿ" ಎಂದ ಒಂದು ದಿನ. "ನಿನ್ನೆ ಇದ್ದ ಮುಖ ಇವತ್ತಿಲ್ಲ. ಇನ್ನೊಂದು ವರ್ಷ ಹೋದ್ರೆ ಯಾರು ಹೇಗೆ ನಿಲ್ತಿದ್ರು ಅನ್ನೂದೂ ಹೋಗ್ತದೆ. ಆಮೇಲೆ ಅವ್ರು ಎಲ್ಲೂ ಇರೂದಿಲ್ಲ."

"ಉಂಡು ಮಾಡಿ" ಎಂದಳು ಮಾದೇವಿ. "ಉಣ್ಣದಿದ್ರೆ ನೀವೂ ಇರೂದಿಲ್ಲ."

ನನ್ನ ಸುದ್ದಿ ಅದು ಹೇಗೆ ಅಷ್ಟು ದೂರ ಹೋಯಿತೋ, ಅಪ್ಪಲನಾಯ್ಡುವಿನ ಅಪ್ಪ ಆಂಧ್ರದ ಕಡಲ ತೀರದಿಂದ ರೈಲು, ಬಸ್ಸು ಹತ್ತಿ ತದಡಿಗೆ ಬಂದ. ಅವನ ತೆಲುಗು ಇವರಿಗೆ ತಿಳಿಯದು, ಇವರ ಕನ್ನಡ ಅವನಿಗೆ ತಿಳಿಯದು. ಮಗನ ಹೆಸರೊಂದೇ ಇಬ್ಬರಿಗೂ ಗೊತ್ತಿದ್ದ ಮಾತು. ಮಾಬ್ಲ ಬೆರಳು ತೋರಿಸುವ ಮೊದಲೇ ಮುದುಕ ನನ್ನ ಮೇಲೆ ಬಗ್ಗಿ, ಓರೆ ಕತ್ತಿನ ಆ ಗೊಂಬೆಯ ಮುಂದೆ ಉಸಿರು ಹಿಡಿದು ನಿಂತ. ಮುಟ್ಟಲಿಲ್ಲ. ಸಂಜೆಯವರೆಗೂ ನನ್ನ ಪಕ್ಕದಲ್ಲೇ ಕುಳಿತ. ಹೊರಡುವಾಗ ಮಾಬ್ಲನ ಎರಡೂ ಕೈಗಳನ್ನು ತೆಗೆದು ತನ್ನ ಕಣ್ಣಿಗೆ ಒತ್ತಿಕೊಂಡ. ಆ ದಿನ ಮಾಬ್ಲ ಹೊಟ್ಟೆ ತುಂಬ ಉಂಡ. ಎಲ್ಲ ನೆಟ್ಟಗಾಗುತ್ತದೆ ಎಂದುಕೊಂಡೆ.

ಆದರೆ ಕೆತ್ತದೆ ಉಳಿದವನೊಬ್ಬನಿದ್ದ. ಹೊಳೆಯಾಚೆಯ ಬೀರ ಅಂಬಿಗ. ಎಂಜಿನ್ ಕೋಣೆಯ ಕೆಲಸದವನು. ಮಾಬ್ಲನಿಗಿಂತ ಕಿರಿಯ. ರಜೆಗೆ ಇಬ್ಬರೂ ಒಟ್ಟಿಗೇ ಬರುತ್ತಿದ್ದರು, ಒಂದೇ ಬಸ್ಸಿನಿಂದ ಇಳಿದು ಒಬ್ಬ ಈ ದಡಕ್ಕೆ, ಒಬ್ಬ ಆ ದಡಕ್ಕೆ. ಹಡಗು ಮುಳುಗಿದಾಗ ಬೀರನ ಹೆಂಡತಿ ನಾಗವೇಣಿ ತುಂಬಿದ ಬಸುರಿ. ಮಳೆಗಾಲದಲ್ಲಿ ಹೆಣ್ಣುಮಗು ಹುಟ್ಟಿತು. ಹೇಮಾ ಎಂದು ಹೆಸರಿಟ್ಟರು. ಹೊಳೆ ಇಳಿದಾಗ ಕೆಸರಿನಲ್ಲಿ ಬೆಳಚು, ಅದೇ ಚಿಪ್ಪುಮೀನು, ಹೆಕ್ಕಿ ಮಾರುವುದು ನಾಗವೇಣಿಯ ಮತ್ತು ಅವಳ ಅತ್ತೆ ದೇವಮ್ಮನ ಬದುಕು. ಹಡಗು ಮುಳುಗಿದ ಸುದ್ದಿ ಬಂದ ಮೇಲೂ ನಾಗವೇಣಿ ಹಣೆಯ ಕುಂಕುಮ ಅಳಿಸಲಿಲ್ಲ. ಹೆಣ ತೋರಿಸಿ, ಆಮೇಲೆ ಅಳಿಸುತ್ತೇನೆ ಎಂದು ಎಲ್ಲರ ಬಾಯಿ ಮುಚ್ಚಿಸಿದ್ದಳು.

ಒಂದು ದಿನ ಅವಳು ಮಗುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ನೋಡಲು ಬಂದಳು. ಮಾಬ್ಲ ನನ್ನ ಮೇಲೆ ಬಟ್ಟೆ ಎಳೆಯಲು ಹೋದ. ಆಗಲೇ ಅವಳು ಬಗ್ಗಿ ನೋಡುತ್ತಿದ್ದಳು.

"ಇಂವ ಯಾರು, ಮಾಬ್ಲಣ್ಣ?"

"ಕುಂಞಿರಾಮ. ಅಡುಗೆಯವ."

"ಇಂವ?"

"ಅಪ್ಪಲನಾಯ್ಡು."

ಹಾಗೇ ಒಬ್ಬೊಬ್ಬರನ್ನೂ ಕೇಳುತ್ತ ಮೂತಿಯಿಂದ ಬಾಲದವರೆಗೆ ಬಂದಳು. ಕೊನೆಗೆ ತಲೆಯೆತ್ತಿದಳು.

"ನಮ್ಮನೆಯವ್ರು ಎಲ್ಲಿ?"

"ಇಲ್ಲ" ಎಂದ ಮಾಬ್ಲ.

ಇನ್ನೂ ಮಾಡಿಲ್ಲ ಎಂದು ಅವನ ಅರ್ಥ. ನಾಗವೇಣಿಗೆ ಕೇಳಿಸಿದ್ದೇ ಬೇರೆ. ಅವಳ ಮುಖ ದೀಪ ಹಚ್ಚಿದಂತೆ ಬೆಳಗಿತು.

"ಇಲ್ಲ ಅಲ್ದಾ? ನಂಗೆ ಗೊತ್ತಿತ್ತು. ಸತ್ತವ್ರನ್ನ ಎಲ್ಲಾ ಇಟ್ಟಿದ್ದೀರಿ, ಇವ್ರನ್ನ ಇಡ್ಲಿಲ್ಲ. ನೀವು ಅಲ್ಲೇ ಇದ್ದವ್ರು. ನಿಮ್ಗೆ ಗೊತ್ತಿಲ್ದೆ ಮತ್ಯಾರಿಗೆ ಗೊತ್ತು?"

ಮಾಬ್ಲ ಬಾಯಿ ತೆರೆದ. ಅಷ್ಟರಲ್ಲಿ ಮಗು ನನ್ನ ಕಂಬ ಹಿಡಿದೆಳೆದು ಕೇಕೆ ಹಾಕಿತು. ನಾಗವೇಣಿ ಅದರ ಕೈ ಬಿಡಿಸಿ, ನಗುತ್ತಲೇ ದಾಟುದೋಣಿಯ ಕಡೆ ಹೋದಳು. ಅವಳು ನಕ್ಕಿದ್ದನ್ನು ಊರವರು ಕಂಡು ವರ್ಷವಾಗಿತ್ತು.

ಅವಳು ಹೋದ ಮೇಲೆ ಮಾಬ್ಲ ನನ್ನ ಮುಂದೆ ಕುಸಿದು ಕುಳಿತು, ಯಾರಿಗೂ ಹೇಳದ್ದನ್ನು ನನಗೆ ಹೇಳಿದ. ಆ ಹಲಗೆಗೆ ಇಬ್ಬರು ಜೋತುಬಿದ್ದಿದ್ದರು, ಅವನು ಮತ್ತು ಬೀರ. ಒಂದು ಹಗಲು, ಒಂದು ಇರುಳು ಇಬ್ಬರೂ ಒಬ್ಬರನ್ನೊಬ್ಬರು ಬೈಯುತ್ತ, ಎಚ್ಚರಿಸುತ್ತ ತೇಲಿದರು. ಬೆಳಕು ಹರಿದಾಗ ಗಾಳಿಯೂ ಇಳಿದಿತ್ತು. ಬೀರ, "ಮಾಬ್ಲಣ್ಣ, ಒಂಚೂರು ನೋಡ್ಕೊ, ಕೈ ಬದ್ಲಾಯಿಸ್ತೆ" ಎಂದ. ಬಲಗೈ ಬಿಟ್ಟು ಎಡಗೈ ಹಾಕಬೇಕು, ಅಷ್ಟೇ ಕೆಲಸ. ಒಂದು ಕೈ ಬಿಟ್ಟಿತು, ಇನ್ನೊಂದು ಕೈ ಬರಲಿಲ್ಲ. ಮಾಬ್ಲ ತಿರುಗಿದಾಗ ಹಲಗೆಯ ಆಚೆ ನೀರು ಮಾತ್ರ ಇತ್ತು.

"ಇದನ್ನ ಅವ್ಳಿಗೆ ಹೇಗೆ ಹೇಳ್ಲಿ?" ಎಂದು ನನ್ನನ್ನು ಕೇಳಿದ. "ಯುದ್ಧ ಮಾಡಿ ಸತ್ತ ಅನ್ನೂಕೂ ಇಲ್ಲ. ಕೈ ಬದ್ಲಾಯಿಸೂಕೆ ಹೋಗಿ ಸತ್ತ ಅನ್ಲಾ?"

ನಾನು ಮರದವಳು. ಕೇಳಿಸಿಕೊಂಡೆ.

ಅಲ್ಲಿಂದ ನಾಗವೇಣಿಯ ಹುಡುಕಾಟ ಶುರುವಾಯಿತು. ನನ್ನ ಮೇಲೆ ಗಂಡನಿಲ್ಲ ಎಂಬುದೇ ಅವಳಿಗೆ ಸಾಕ್ಷಿ. ಗೋವೆಯ ಆಸ್ಪತ್ರೆಗೆ ಹೋಗಿ ಬಂದಳು. ರತ್ನಾಗಿರಿಗೆ ಹೋಗಿ ಬಂದಳು. ಎಲ್ಲಿ ಯಾರೋ ಗುರುತಿಲ್ಲದ ಮನುಷ್ಯ ಇದ್ದಾನೆಂದರೆ ಅಲ್ಲಿಗೆ ಮಗುವನ್ನು ಕಟ್ಟಿಕೊಂಡು ಓಡಿದಳು. ಎರಡನೆಯ ಸಲ ಬಂದಾಗ ಮಗು ಜ್ವರದಲ್ಲಿ ಕೆಂಡವಾಗಿತ್ತು. ಬದುಕಿದ್ದೇ ಹೆಚ್ಚು. ಸುದ್ದಿ ಬಂದಾಗಲೆಲ್ಲ ಮಾಬ್ಲ ಶಿವನೆಯ ತುಂಡು ಎತ್ತುತ್ತಿದ್ದ, ಇಡುತ್ತಿದ್ದ. ಊಟ ಮತ್ತೆ ನಿಂತಿತು. ಮಾದೇವಿ ಬೇಡಿದಳು, ಬೈದಳು.

ಮತ್ತೊಂದು ಮಳೆಗಾಲ ಕಳೆದು, ದಸರೆಯ ಹೊತ್ತಿಗೆ ಬೀರನ ತಾಯಿ ದೇವಮ್ಮ ಬಂದಳು. ಚಪ್ಪರದ ಕಂಬಕ್ಕೆ ಒರಗಿ ನಿಂತು, ನನ್ನ ಕಡೆ ನೋಡದೆ ಮಾತಾಡಿದಳು.

"ಮಾಬ್ಲಾ, ನಿಂಗೆ ಎಂತ ಗೊತ್ತು ಅಂತ ನಾನು ಕೇಳೂಕೆ ಬರ್ಲಿಲ್ಲ. ಹೆತ್ತ ಹೊಟ್ಟೆ ನಂದು, ನಂಗೆ ಗೊತ್ತಾಗಿದೆ. ಆದ್ರೆ ಅವ್ಳು ಈಗ ಗುಜರಾತಿನ ವೆರಾವಲಿಗೆ ಹೊರಟಿದ್ದಾಳೆ. ಅಲ್ಲೊಂದು ಆಸ್ಪತ್ರೇಲಿ ನೆನಪು ಹೋದವ ಇದ್ದಾನಂತೆ, ಕನ್ನಡದ ಒಂದೆರಡು ಮಾತು ಆಡ್ತಾನಂತೆ. ಹೆಂಚು ಸಾಗಿಸೂ ದೊಡ್ಡ ದೋಣಿ, ಆ ಮಚ್ವೆಯವ್ರು ಯಾರೋ ಹೇಳಿದ್ರು. ಆ ಮಚ್ವೇಲೇ ಹೋಗ್ತಾಳಂತೆ, ಮಗೂನ ತಕ್ಕಂಡು. ಗುರುತಿಲ್ಲ, ಪರಿಚಯ ಇಲ್ಲ, ಗಂಡಸರ ಮಧ್ಯೆ, ನಡುಗಡಲಲ್ಲಿ."

"ನೀವು ಹೇಳಿ ದೇವಮ್ಮ."

"ನಾನು ಹೇಳಿದ್ರೆ ಮುದುಕಿಗೆ ಮಗ ಬೇಡಾಗಿದ್ದಾನೆ ಅಂತಾಳೆ. ಅವ್ಳು ನನ್ನ ಮಾತು ಕೇಳೂದಿಲ್ಲ. ನಿನ್ನ ಹಡಗಿನ ಮಾತು ಕೇಳ್ತಾಳೆ."

ಇಷ್ಟು ಹೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು ಹೋದಳು.

ಮಾಬ್ಲ ಬೀರನನ್ನು ಕೆತ್ತಲು ಕುಳಿತ. ಒಬ್ಬ ಬೀರ ಕಾಲು ಮುರಿದುಕೊಂಡ. ಇನ್ನೊಬ್ಬನ ಕತ್ತು ಹಾರಿತು. ಕಾಲಡಿಯಲ್ಲಿ ಅರ್ಧರ್ಧ ಬೀರರು ಬಿದ್ದರು. ಮಾದೇವಿ ಅವನ್ನು ಒಲೆಗೆ ಹಾಕಲಾರದೆ ಒಂದು ಗೆರಟೆಯಲ್ಲಿ ತುಂಬಿಟ್ಟಳು. ಕೊನೆಗೆ ಒಬ್ಬ ನಿಂತ. ಎಂಜಿನ್ ಕೋಣೆಯಿಂದ ಮೇಲೆ ಬಂದಾಗಲೆಲ್ಲ ಬೀರ ಮೊಣಕೈಯನ್ನು ಎತ್ತರಕ್ಕೆತ್ತಿ, ತೋಳಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದನಂತೆ. ಹಾಗೇ ಬಂದ. ಮಾಬ್ಲ ಸರೇಸು ಕಾಯಿಸಿ, ಎಂಜಿನ್ ಕೋಣೆಯ ಮೆಟ್ಟಿಲ ಬಾಯಲ್ಲಿ ಅವನನ್ನು ಅಂಟಿಸಿದ. ಅಂಟಿಸಿದ ಮೇಲೆ ಬೆರಳು ತೆಗೆಯಲು ತುಂಬ ಹೊತ್ತು ಹಿಡಿಯಿತು.

ಮರುದಿನ ಬೆಳಿಗ್ಗೆ ನನ್ನನ್ನು ಎತ್ತಿಕೊಂಡು ದಾಟುದೋಣಿ ಹತ್ತಿದ. ಹಡಗು ಮುಳುಗಿದ ಮೇಲೆ ಅವನು ನೀರಿನ ಮೇಲೆ ಕಾಲಿಟ್ಟದ್ದು ಅದೇ ಮೊದಲು. ಕಣ್ಣು ಮುಚ್ಚಿ, ನನ್ನನ್ನು ತೊಡೆಯ ಮೇಲಿಟ್ಟು ಕುಳಿತಿದ್ದ. ದೋಣಿ ಅಲುಗಿದಾಗಲೆಲ್ಲ ಅವನ ಬೆರಳುಗಳು ನನ್ನ ಪಕ್ಕೆಗೆ ಒತ್ತುತ್ತಿದ್ದವು. ಹೊಳೆಬಾಯಲ್ಲಿ ಹೆಂಚು ತುಂಬಿದ ಮಚ್ವೆ ಲಂಗರು ಹಾಕಿ ನಿಂತಿತ್ತು.

ನಾಗವೇಣಿಯ ಮನೆ ದಡದ ಮೇಲೇ. ಜಗಲಿಯಲ್ಲಿ ಬಟ್ಟೆಯ ಗಂಟು ಕಟ್ಟಿ ಇಟ್ಟಿತ್ತು. ಮಗು ಅದನ್ನು ಹಿಡಿದು ಹೆಜ್ಜೆ ಹಾಕಲು ನೋಡುತ್ತಿತ್ತು.

"ಬನ್ನಿ, ಮಾಬ್ಲಣ್ಣ. ನಾಳೆ ಹೊರಡ್ತೆ, ನಿಮ್ಗೆ ಹೇಳಿ ಹೋಗ್ಬೇಕು ಅಂತಿದ್ದೆ" ಎಂದವಳು ನನ್ನನ್ನು ಕಂಡು ನಿಂತಳು. "ಹಡಗನ್ನ ಎಂತಕ್ಕೆ ತಂದ್ರಿ?"

ಮಾಬ್ಲ ನನ್ನನ್ನು ಜಗಲಿಯ ಅಂಚಿಗೆ ಇಟ್ಟ. ನಾಗವೇಣಿ ನನ್ನ ಮೇಲೆ ಕಣ್ಣಾಡಿಸಿದಳು. ಮೊಣಕೈ ಎತ್ತಿ ನಿಂತವನ ಹತ್ತಿರ ಕಣ್ಣು ನಿಂತಿತು. ಅವಳಿಗೆ ಯಾರೂ ಹೆಸರು ಹೇಳಬೇಕಾಗಲಿಲ್ಲ.

"ತೆಗೀರಿ ಅವ್ರನ್ನ" ಎಂದಳು ಮೆಲ್ಲಗೆ.

"ತಂಗಿ, ಕೂತ್ಕೊ."

"ತೆಗೀರಿ ಅಂದೆ."

ಮಾಬ್ಲ ನಿಂತೇ ಹೇಳಿದ. ಹಲಗೆ, ಹಗಲು, ಇರುಳು, ಬೆಳಕು ಹರಿದದ್ದು. ಕೈ ಬದಲಾಯಿಸುತ್ತೇನೆ ಎಂದದ್ದು. ಒಂದನ್ನೂ ಬಿಡಲಿಲ್ಲ. ಒಳಗಿನಿಂದ ದೇವಮ್ಮ ಬಾಗಿಲಿಗೆ ಬಂದು, ಹಾಗೇ ಹೊಸ್ತಿಲ ಮೇಲೆ ಕುಳಿತಳು.

"ಆಮೇಲೆ ಎಂತ ಹೇಳಿದ್ರು?" ನಾಗವೇಣಿ ಕೇಳಿದಳು.

"ಎಂತ ಇಲ್ಲ. ಅಷ್ಟೇ."

"ನನ್ನ ಹೆಸ್ರು ಹೇಳ್ಲಿಲ್ವಾ?"

ಆಗ ಮಾಬ್ಲ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿ ಎಂದು ನಾನೂ ಬಯಸಿದೆ. ದೇವಮ್ಮನೂ ಬಯಸಿದಳೇನೋ, ಅವಳ ಕಣ್ಣು ಹಾಗಿತ್ತು.

"ಇಲ್ಲ, ತಂಗಿ. ಸಾಯ್ತೇನೆ ಅಂತ ಅಂವಂಗೆ ಗೊತ್ತೇ ಇರ್ಲಿಲ್ಲ."

ನಾಗವೇಣಿ ನನ್ನನ್ನು ಎರಡೂ ಕೈಯಲ್ಲಿ ಎತ್ತಿದಳು. ಮೆಟ್ಟಿಲಿಳಿದು, ದಡಕ್ಕೆ ಓಡಿ, ತಲೆಯ ಮೇಲೆತ್ತಿ ಹೊಳೆಗೆ ಎಸೆದಳು. "ವರ್ಷ ಬೇಕಾಯ್ತಾ ನಿಮ್ಗೆ? ಬಾಯಿಲ್ವಾ? ಮಗೂನ ಕಟ್ಕಂಡು ನಾನು ಊರೂರು ಅಲೀತಿದ್ದಾಗ ಎಲ್ಲಿ ಹೋಗಿತ್ತು ಈ ಬಾಯಿ?"

ನಾನು ನೀರನ್ನು ಮುಟ್ಟಿದ್ದು ಹೀಗೆ. ಹಡಗಿನ ರೂಪದಲ್ಲಿ ಹುಟ್ಟಿದ್ದೆನೇ ಹೊರತು ತೇಲುವುದು ನನಗೆ ಗೊತ್ತಿರಲಿಲ್ಲ. ಮಗ್ಗುಲಾಗಿ ಬಿದ್ದೆ. ಹೊಳೆ ಇಳಿಯುತ್ತಿದ್ದ ಹೊತ್ತು, ಸೆಳೆತ ಸಮುದ್ರದ ಕಡೆಗೆ. ಸರೇಸು ಎಂಬುದು ನೀರಿಗೆ ಕರಗುವ ಅಂಟು. ಎಂದೂ ನೀರಿಗಿಳಿಯದವಳೆಂದು ಮಾಬ್ಲ ಅದನ್ನೇ ಹಾಕಿದ್ದ. ನನ್ನ ಜನರ ಕಾಲುಗಳು ಒಬ್ಬೊಬ್ಬರದಾಗಿ ಬಿಟ್ಟುಕೊಂಡವು. ಕುಂಞಿರಾಮ ಹೋದ. ಕಪ್ತಾನರು ಹೋದರು. ಬೀರ ಹೋದದ್ದು ನನಗೆ ತಿಳಿಯಿತು, ತಡೆಯಲು ನನಗೆ ಕೈಯಿಲ್ಲ.

ಆಗ ಮಾಬ್ಲ ಹೊಳೆಗೆ ಹಾರಿದ.

ಸ್ನಾನಕ್ಕೆ ಹೆದರುತ್ತಿದ್ದವನು ಬಟ್ಟೆಬರೆಯ ಸಮೇತ ಹಾರಿ, ಕೈಕಾಲು ಬಡಿದು ನನ್ನನ್ನು ಹಿಡಿದ. ಹಿಡಿದವನು ಈಜಲಿಲ್ಲ. ನನ್ನನ್ನು ಎದೆಗವಚಿಕೊಂಡು ಸೆಳೆತದಲ್ಲಿ ಹೋಗತೊಡಗಿದ. ಎರಡು ಮೊಳದ ನಾನು ಆ ಗಂಡಸನ್ನು ತೇಲಿಸಬಲ್ಲೆನೇ? ಅವನ ಮೂಗು ನೀರಿನೊಳಗೆ ಹೋಯಿತು, ಬಂದಿತು, ಮತ್ತೆ ಹೋಯಿತು. ಅವನ ಬಾಯಿ ನನ್ನ ಪಕ್ಕೆಯ ಹತ್ತಿರವೇ ಇತ್ತು. "ಬೀರಾ, ಹಿಡ್ಕೊ, ಹಿಡ್ಕೊ" ಎನ್ನುತ್ತಿದ್ದ.

ನಾಗವೇಣಿಗೆ ಆ ಹೊಳೆಯ ತಳ ಅಂಗೈಯಷ್ಟೇ ಗೊತ್ತು. ಎಲ್ಲಿ ದಿಬ್ಬ, ಎಲ್ಲಿ ಮಡು ಎಂದು ಕಾಲೇ ಹೇಳುತ್ತಿತ್ತು. ಸೀರೆ ಎತ್ತಿ ಕಟ್ಟಿ ಕೆಸರುದಿಬ್ಬದ ಮೇಲೆ ಅಡ್ಡ ಓಡಿ, ಎದೆಮಟ್ಟದ ನೀರಿನಲ್ಲಿ ಅವನ ಕೊರಳಪಟ್ಟಿ ಹಿಡಿದಳು.

"ಹಡಗು ಬಿಡಿ, ಮಾಬ್ಲಣ್ಣ. ನನ್ನ ಕೈ ಹಿಡೀರಿ."

"ಬಿಡೂದಿಲ್ಲ."

"ಬಿಡಿ, ಭಾರ ಆಗ್ತದೆ."

"ಬಿಡೂದಿಲ್ಲ. ಒಂದ್ಸಲ ಬಿಟ್ಟಿದ್ದು ಸಾಕು."

ಅವಳು ಅವನನ್ನು ಮತ್ತೆ ಕೇಳಲಿಲ್ಲ. ನಮ್ಮಿಬ್ಬರನ್ನೂ ಸೇರಿಸಿಯೇ ಎಳೆದಳು, ಹಲ್ಲು ಕಚ್ಚಿ, ಹೆಜ್ಜೆ ಹೆಜ್ಜೆ ಊರಿ. ದಿಬ್ಬದ ಮೇಲೆ ಮೂವರೂ ಕೆಸರಾಗಿ ಬಿದ್ದೆವು. ಮಾಬ್ಲ ನೀರು ಕಾರಿದ. ನನ್ನ ಮೇಲೆ ಒಬ್ಬನೇ ಒಬ್ಬ ಮನುಷ್ಯ ಉಳಿದಿರಲಿಲ್ಲ. ಅದನ್ನು ನೋಡಿ ನಾಗವೇಣಿ ಅತ್ತಳು. ಸುದ್ದಿ ಬಂದ ದಿನದಿಂದ ಹಿಡಿದಿಟ್ಟಿದ್ದ ಅಳು ಅದು. ಆ ದಡದಿಂದ ಈ ದಡಕ್ಕೆ ಕೇಳಿಸಿತು ಎಂದು ಮಾದೇವಿ ಆಮೇಲೆ ಹೇಳುತ್ತಿದ್ದಳು. ದೇವಮ್ಮ ಮೊಮ್ಮಗಳನ್ನು ಎತ್ತಿಕೊಂಡು ದಡದಲ್ಲಿ ನಿಂತಿದ್ದಳು. ಸೊಸೆಯನ್ನು ಅಳಬೇಡ ಎನ್ನಲಿಲ್ಲ.

ಮರುದಿನ ಮಚ್ವೆ ಹೋಯಿತು. ನಾಗವೇಣಿ ಹೋಗಲಿಲ್ಲ. ಹೊಳೆ ಇಳಿದ ಕೂಡಲೇ ಬುಟ್ಟಿ ಹಿಡಿದು ಕೆಸರಿಗೆ ಹೋದಳು. ಬೆಳಚು ಹೆಕ್ಕುವ ಹಾಗೇ ಬಗ್ಗಿ, ಬೆರಳನ್ನು ಕೆಸರೊಳಗೆ ಇಳಿಸಿ ತಡಕತೊಡಗಿದಳು. ಏನು ಹುಡುಕುತ್ತಿದ್ದಾಳೆಂದು ದೇವಮ್ಮನಿಗೆ ತಿಳಿಯಿತು, ಅವಳೂ ಇಳಿದಳು. ಆಮೇಲೆ ಕೇರಿಯ ಹೆಂಗಸರೆಲ್ಲ ಇಳಿದರು. ಸೆಳೆತ ಎಲ್ಲಿ ಕಸಕಡ್ಡಿ ಒಟ್ಟುತ್ತದೆ ಎಂದು ಅವರಿಗೆ ಗೊತ್ತಿತ್ತು. ಚಿಪ್ಪಿನ ಬದಲು ಬೆರಳಿಗೆ ಮರ ಸಿಕ್ಕಿದರೆ, "ಇಲ್ಲೊಬ್ಬ ಇದ್ದಾನೆ" ಎಂದು ಕರೆಯುತ್ತಿದ್ದರು. ಇಳಿತದಿಂದ ಇಳಿತಕ್ಕೆ ಒಬ್ಬೊಬ್ಬರಾಗಿ ಬಂದರು. ನೀರಲ್ಲೇ ಬೇರು ಬಿಡುವ ಕಾಂಡ್ಲ ಗಿಡಕ್ಕೆ ಸಿಕ್ಕಿಕೊಂಡವನೊಬ್ಬ, ಬಲೆಯ ಗಂಟಿನಲ್ಲಿ ಇನ್ನೊಬ್ಬ. ಕಡಲು ಕೊಡದ ಮನುಷ್ಯರನ್ನು ಹೊಳೆ ಒಬ್ಬೊಬ್ಬರನ್ನಾಗಿ ಕೊಟ್ಟಿತು. ಕೆಲವರು ಬರಲೇ ಇಲ್ಲ. ಅವರನ್ನು ಮಾಬ್ಲ ಆಮೇಲೆ ಮತ್ತೆ ಕೆತ್ತಿದ.

ಬೀರ ಸಿಕ್ಕಿದ್ದು ದೇವಮ್ಮನ ಬೆರಳಿಗೆ. ತೊಳೆದು ನೋಡಿದಳು. ಸೊಸೆಯ ಅಂಗೈಯಲ್ಲಿಟ್ಟು, ಪಕ್ಕಕ್ಕೆ ಹೋಗಿ ತನ್ನ ಬುಟ್ಟಿಗೆ ಬೆಳಚು ಹೆಕ್ಕತೊಡಗಿದಳು. ಅವತ್ತು ನಾಗವೇಣಿ ಹೊಳೆಯ ನೀರಿನಲ್ಲೇ ಹಣೆ ತೊಳೆದುಕೊಂಡಳು.

ಮಾಬ್ಲ ನನ್ನನ್ನು ಒಣಗಿಸಿ, ಬಣ್ಣ ಬಳಿದು, ಈ ಸಲ ಸರೇಸಿನ ಬದಲು ಸಣ್ಣ ತಂತಿಯಿಂದ ಎಲ್ಲರನ್ನೂ ಬಿಗಿದು ನಿಲ್ಲಿಸಿದ. ಬೀರನ ಸರದಿ ಬಂದಾಗ ನಾಗವೇಣಿಗೆ ಹೇಳಿಕಳಿಸಿದ. ಅವಳು ಬಂದು ಅವನನ್ನು ಕೈಗೆ ತೆಗೆದುಕೊಂಡು, ಎಂಜಿನ್ ಕೋಣೆಯ ಬಾಯನ್ನು ನೋಡಿದಳು.

"ಅಲ್ಲಿ ಬೇಡ. ಕೆಳಗೆ ಬಿಸಿ ಅಂತ ಯಾವಾಗ್ಲೂ ಹೇಳ್ತಿದ್ರು. ಗಾಳಿ ಬರೂ ಜಾಗದಲ್ಲಿ ನಿಲ್ಲಿಸಿ."

ಹಡಗಿನ ನಿಯಮಕ್ಕೆ ಅದು ಸರಿಯಲ್ಲ. ಎಂಜಿನ್ನಿನವನಿಗೆ ಮೂತಿಯಲ್ಲೇನು ಕೆಲಸ? ಆದರೂ ಮಾಬ್ಲ ನನ್ನ ಮೂತಿಯ ತುದಿಯಲ್ಲಿ ತಂತಿ ಬಿಗಿದ. ಅಂದಿನಿಂದ ಬೀರ ಅಲ್ಲೇ ನಿಂತು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದಾನೆ.

ಮಾಬ್ಲ ಮತ್ತೆ ದೋಣಿ ಕಟ್ಟಿದ. ಓಣಿಯನ್ನು ನಗಿಸುವ ಮಾಬ್ಲ ತಿರುಗಿ ಬರಲಿಲ್ಲ, ಆದರೆ ಉಣ್ಣುವ, ಮಾತಾಡುವ ಒಬ್ಬ ಮಾಬ್ಲ ಬಂದ. ಅವನು ತೀರಿಕೊಂಡ ಮೇಲೆ ಮಾದೇವಿ ತಮ್ಮನ ಮನೆಗೆ ಹೋಗುವಾಗ, ನನ್ನನ್ನು ಸೀರೆಯಲ್ಲಿ ಸುತ್ತಿ ಹೊಳೆ ದಾಟಿಸಿ ನಾಗವೇಣಿಯ ಕೈಗೆ ಕೊಟ್ಟಳು. ನಡುವೆ ಒಮ್ಮೆ ನೌಕಾಪಡೆಯ ಕಿರಿಯ ಅಧಿಕಾರಿಯೊಬ್ಬರು ಹುಡುಕಿಕೊಂಡು ಬಂದರು. ಬೂಟು ಹೊರಗೆ ಬಿಟ್ಟು, ನೆಲದ ಮೇಲೆ ಕುಳಿತು ಚಾ ಕುಡಿದು, ನನ್ನನ್ನು ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿ ಚೆನ್ನಾಗಿ ಇಡುತ್ತೇವೆ ಎಂದರು.

"ಗಾಜಿನೊಳಗೆ ಗಾಳಿ ಎಲ್ಲಿ ಬರ್ತದೆ, ಸಾರ್?" ಎಂದಳು ನಾಗವೇಣಿ. "ನೋಡೂಕೆ ಯಾವಾಗ ಬೇಕಾದ್ರೂ ಬನ್ನಿ."

ಅವರು ಆಮೇಲೆಯೂ ಎರಡು ಸಲ ಬಂದರು, ನೋಡಲು.

ಈಗ ನನಗೆ ವಯಸ್ಸಾಗಿದೆ. ಜಗಲಿಯ ಮೂಲೆಯಲ್ಲಿ, ಹೊಳೆಯ ಗಾಳಿ ತಾಗುವ ಕಡೆ, ಮಣೆಯೊಂದರ ಮೇಲೆ ಇದ್ದೇನೆ. ಫಿರಂಗಿ ಕಳಚಿ ಎಂದೋ ಕಳೆದುಹೋಯಿತು. ಹೊಗೆಗೊಳವೆಗೆ ತುಕ್ಕು ಹಿಡಿದಿದೆ. ಯುದ್ಧನೌಕೆ ಎಂದು ಹುಟ್ಟಿ ಒಂದು ಯುದ್ಧವನ್ನೂ ನೋಡಲಿಲ್ಲ. ಒಮ್ಮೆ ನೀರಿಗೆ ಬಿದ್ದೆ, ಅದೂ ಮಗ್ಗುಲಾಗಿ. ಹಡಗು ಜನರನ್ನು ಹೊತ್ತುಕೊಂಡು ಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು. ಹೋದವರನ್ನು ಹೊತ್ತುಕೊಂಡು ಒಂದೇ ಕಡೆ ನಿಲ್ಲುವುದೂ ಹಡಗಿನ ಕೆಲಸವೇ ಇರಬಹುದು. ನಾನು ಅದನ್ನು ಮಾಡಿದೆ.

ಮಳೆಗಾಲ ಮುಗಿದ ಕೂಡಲೇ ನಾಗವೇಣಿ ನನಗೆ ಗೇರೆಣ್ಣೆ ಹಚ್ಚುತ್ತಿದ್ದಳು, ದೋಣಿಗಳಿಗೆ ಹಚ್ಚುವ ಹಾಗೇ, ಹುಳ ಹಿಡಿಯದಿರಲೆಂದು. ಮೊದಲು ಮೈಗೆ, ಆಮೇಲೆ ಕಡ್ಡಿಗೆ ಸುತ್ತಿದ ಬಟ್ಟೆಯಿಂದ ಒಬ್ಬೊಬ್ಬ ಮನುಷ್ಯನಿಗೆ. ಕಣ್ಣು ಮಂಜಾದ ಮೇಲೂ ಬೆರಳಿನಿಂದ ತಡವಿ ಹಚ್ಚಿದಳು. ಈ ವರ್ಷ ಅವಳಿಂದ ಏಳಲಾಗಲಿಲ್ಲ. ಒಳಕೋಣೆಯಲ್ಲಿ ಮಲಗಿದ್ದಾಳೆ, ಬಾಗಿಲು ತೆರೆದಿದ್ದರೆ ಅಲ್ಲಿಂದ ನಾನು ಕಾಣುತ್ತೇನೆ. ಮಗಳು ಹೇಮಾ ಎಣ್ಣೆಯ ಬಟ್ಟಲು ಹಿಡಿದು ಬಂದಳು. ಅವಳ ತಲೆಯಲ್ಲೂ ಈಗ ಬಿಳಿ ಕೂದಲಿವೆ, ಅವಳ ಅಪ್ಪನಿಗೆ ಎಂದೂ ಬರದಿದ್ದ ಬಿಳಿ ಕೂದಲು. ಮೈಗೆ ಹಚ್ಚಿದಳು. ಕುಂಞಿರಾಮನಿಗೆ, ಅಪ್ಪಲನಾಯ್ಡುವಿಗೆ, ಕಪ್ತಾನರಿಗೆ ಹಚ್ಚಿದಳು. ಮೂತಿಯ ತುದಿಗೆ ಬಂದಾಗ ಅವಳ ಕೈ ನಿಂತಿತು. ಬಟ್ಟೆಯನ್ನು ಮತ್ತೊಮ್ಮೆ ಎಣ್ಣೆಯಲ್ಲಿ ಅದ್ದಿ, ಆ ಎತ್ತಿದ ಮೊಣಕೈಗೆ, ಕತ್ತಿಗೆ, ಬೆನ್ನಿಗೆ ನಿಧಾನವಾಗಿ ಸವರಿದಳು. ಮತ್ತೆ ಅದ್ದಿದಳು.

ಒಳಗಿನಿಂದ ನಾಗವೇಣಿಯ ದನಿ ಬಂತು.

"ಅಪ್ಪಂಗೆ ಜಾಸ್ತಿ ಹಚ್ಬೇಡ, ಹೇಮಾ. ಉಳಿದವ್ರಿಗೆ ಬೇಜಾರಾಗ್ತದೆ."